ಸಿದ್ಧರ ಗುಡ್ಡಗಳು: ಉಜ್ಜಿನಿಯಿಂದ ಕೊಂಡಕುಂದೆಗೆ, ಬಂಡೆಬರಹಗಳ ದಾರಿಯಲ್ಲಿ

ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ವರ್ಷಕ್ಕೊಮ್ಮೆ ಕಲ್ಲಿಗೆ ಎಣ್ಣೆ ಎರೆಯುತ್ತಾರೆ. ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ, ಜಾತ್ರೆಯ ಸಂದರ್ಭದಲ್ಲಿ, ನೆರೆದ ಜನಸಮೂಹದ ಕಣ್ಣೆದುರಿನಲ್ಲಿ ನಡೆಯುವ ಈ ಆಚರಣೆಗೆ ಶಿಖರ ತೈಲಾಭಿಷೇಕವೆಂದು ಹೆಸರು. ತೈಲವು ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರಬೇಕೆಂಬುದು ಪದ್ಧತಿ. ಪಾಳೆಯಪಟ್ಟುಗಳು ಅಳಿದು ತಲೆಮಾರುಗಳೇ ಸಂದರೂ ಎಣ್ಣೆ ಬರುವುದು ನಿಂತಿಲ್ಲ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮಪೀಠದ ನೆಲೆಯಾದ ಈ ಊರನ್ನು ಕುರಿತು ನಾಡಿನಲ್ಲಿ ಒಂದು ಮಾತಿದೆ: ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಗುಡಿಯ ಒಳಗಿನ ಕಂಬ, ಭುವನೇಶ್ವರಿ, ಬಾಗಿಲುವಾಡಗಳ ಮುಂದೆ ನಿಂತವರಿಗೆ ಆ ಮಾತಿನ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಜೈನಸಾಹಿತ್ಯದ ವಿದ್ಯಾರ್ಥಿಯಾದ ನಾನು ನನ್ನ ಪ್ರವಾಸಕಥನವನ್ನು ವೀರಶೈವ ಪೀಠವೊಂದರ ಅಂಗಳದಿಂದ ತೊಡಗುವುದಕ್ಕೆ ಕಾರಣವಿದೆ. ಹಲವು ವರ್ಷಗಳಿಂದ ನಾನೊಂದು ಪಟ್ಟಿಯನ್ನು ಬೆಳೆಸುತ್ತ ಬಂದಿದ್ದೆ. ಒಮ್ಮೆ ಜಿನನೆಲೆಯಾಗಿದ್ದು ಈಗ ಬೇರೆ ಹೆಸರಿನಿಂದ ಕರೆಯಲ್ಪಡುವ ಗುಡಿ, ಗುಡ್ಡ, ಬಂಡೆಗಳ ಪಟ್ಟಿ ಅದು. ಅದಕ್ಕೆ ‘ಕಳೆದುಕೊಂಡ ನೆಲೆಗಳು’ ಎಂಬ ಶೀರ್ಷಿಕೆಯನ್ನೂ ಕೊಟ್ಟಿದ್ದೆ. ಆ ಪಟ್ಟಿಯಲ್ಲಿದ್ದ ಕೆಲವು ಸ್ಥಳಗಳನ್ನು ಒಂದೇ ಸುತ್ತಿನಲ್ಲಿ ಕಂಡು ಬರೋಣವೆಂದು ಹೊರಟದ್ದು ಈ ಪ್ರವಾಸ. ಉಜ್ಜಿನಿಯಿಂದ ಕೊಗಳಿ, ಅಲ್ಲಿಂದ ಕೊಪ್ಪಳ, ಬಳ್ಳಾರಿ, ಗಡಿಯಾಚೆಯ ಕೊನಕೊಂಡ್ಲ, ರಾಯದುರ್ಗ. ಮತ್ತೆ ಗಡಿಯೀಚೆ ಮೊಳಕಾಲ್ಮೂರು ಸೀಮೆ, ಕೂಡ್ಲಿಗಿಯ ಮಾರ್ಗವಾಗಿ ಪುನಃ ಉಜ್ಜಿನಿ. ನಕ್ಷೆಯಲ್ಲಿ ನೋಡಿದರೆ ಒಂದು ಬಳೆಯಂತೆ ಕಾಣುವ ದಾರಿ.

ಅಡುಗೆ ಮಾಡಿಕೊಳ್ಳಲೂ ಮಲಗಲೂ ಅನುಕೂಲವಿರುವ, ಈಗ ಕ್ಯಾರವಾನ್ ಎಂದು ಎಲ್ಲರೂ ಕರೆಯುವ ಗಾಡಿಯೊಂದನ್ನು ಬಾಡಿಗೆಗೆ ಪಡೆದಿದ್ದೆವು. ನಾವು ಅದನ್ನು ಮನೆಗಾಡಿ ಎಂದೆವು. ಸೋಸಿದ ನೀರು, ಸೂರ್ಯಾಸ್ತಕ್ಕೆ ಮುನ್ನ ಊಟ ಎಂಬ ನಿಯಮಗಳನ್ನು ಪಾಲಿಸುವವರಿಗೆ ಬಯಲುಸೀಮೆಯ ದೂರದ ಹಳ್ಳಿಗಳಲ್ಲಿ ಇದಕ್ಕಿಂತ ಒದಗುವ ಸಾಧನವಿಲ್ಲ. ಆದರೆ ಮೊದಲ ಸಂಜೆಯೇ ಒಂದು ಲಜ್ಜೆ ಮನಸ್ಸನ್ನು ತಟ್ಟಿತು. ಮನೆಯನ್ನೇ ತೊರೆದು, ಪಿಂಛ ಕಮಂಡಲಗಳನ್ನಷ್ಟೇ ಹಿಡಿದು ಬರಿಗಾಲಲ್ಲಿ ವಿಹರಿಸಿದವರ ಹೆಜ್ಜೆಗುರುತನ್ನು ಕಾಣಲು ನಾವು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಟಿದ್ದೆವು.

ಕೊಗಳಿ: ನಿತ್ಯಾಭಿಷೇಕದ ಲೆಕ್ಕ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೊಗಳಿ ಈಗ ಹೊಲಗದ್ದೆಗಳ ನಡುವಿನ ಒಂದು ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅದು ಕೊಗಳಿ-500 ಎಂಬ ನಾಡಿನ ತಲೆಯೂರು. ಅಲ್ಲಿನ ಬಸದಿಗೆ ಸಂಬಂಧಿಸಿದ ಕ್ರಿ.ಶ. 1055ರ ಶಾಸನ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಯದು. ಇಂದ್ರಕೀರ್ತಿಯೆಂಬ ಆಚಾರ್ಯರ ಹೆಸರು ಅದರಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಬಸದಿಯನ್ನು ಮಾಡಿಸಿದವನು ದುರ್ವಿನೀತನೆಂದು ಆ ಶಾಸನ ಹೇಳುತ್ತದೆ. ಗಂಗರ ದುರ್ವಿನೀತನು 6ನೆಯ ಶತಮಾನದ ಅರಸು. ಎಂದರೆ ಶಾಸನ ಹುಟ್ಟಿದ ಕಾಲಕ್ಕೆ ಆ ನೆನಪಿಗೆ ಸುಮಾರು ಐದುನೂರು ವರ್ಷಗಳಾಗಿದ್ದವು.

ಆ ಐದುನೂರು ವರ್ಷ ಗೋಡೆಗಳು ಹಾಗೆಯೇ ನಿಂತಿದ್ದವೆಂದು ನಾವು ಭಾವಿಸಬೇಕಾಗಿಲ್ಲ. ಕಟ್ಟಡಗಳು ಜೀರ್ಣವಾಗುತ್ತವೆ, ಮತ್ತೆ ಮೇಲೇಳುತ್ತವೆ. ನಿಂತದ್ದು ನೆನಪು. ಆ ನೆನಪನ್ನು ನಿಲ್ಲಿಸಿದ್ದು ಯಾವುದೆಂಬುದಕ್ಕೆ ಕೊಗಳಿಯ ಇನ್ನೊಂದು ಕಾಲದ ಶಾಸನಗಳಲ್ಲಿ ಸುಳಿವಿದೆ. ಹೊಯ್ಸಳ ರಾಮನಾಥನ ಕಾಲದಲ್ಲಿ, 13ನೆಯ ಶತಮಾನದ ಉತ್ತರಾರ್ಧದಲ್ಲಿ, ಇಲ್ಲಿನ ಚೆನ್ನಪಾರ್ಶ್ವನಾಥನ ನಿತ್ಯಾಭಿಷೇಕಕ್ಕೆಂದು ಹಲವರು ಹೊನ್ನನ್ನು ದತ್ತಿಯಾಗಿ ಬಿಟ್ಟರು. ಅರಸನೊಬ್ಬನ ಕಣ್ಸೆಳೆಯುವ ಕೊಡುಗೆಯಲ್ಲ ಅದು. ಬೇರೆಬೇರೆ ಭಕ್ತರು ಬೇರೆಬೇರೆಯಾಗಿ ಕೊಟ್ಟ ಹಣ. ಮೂಲಧನ ಹಾಗೆಯೇ ಉಳಿದು, ಅದರ ಬಡ್ಡಿಯಿಂದ ಪ್ರತಿದಿನ ಜಿನಬಿಂಬಕ್ಕೆ ನೀರೋ ಹಾಲೋ ಬೀಳಬೇಕೆಂಬುದು ಇಂಥ ದತ್ತಿಗಳ ಆಶಯ. ಕಲ್ಲು ತಾನಾಗಿಯೇ ಶಾಶ್ವತವಲ್ಲ, ದಿನವೂ ಒಂದು ಕೈ ಅದನ್ನು ಮುಟ್ಟುತ್ತಿರಬೇಕು ಎಂಬುದನ್ನು ಅಂದಿನವರು ಬಲ್ಲವರಾಗಿದ್ದರು. ಉಜ್ಜಿನಿಯ ಶಿಖರದಿಂದ ಇಳಿಯುವ ಎಣ್ಣೆಗೂ ಕೊಗಳಿಯ ಈ ಅಭಿಷೇಕದ ಹೊನ್ನಿಗೂ ನಡುವೆ ಮತದ ಅಂತರ ಎಷ್ಟೇ ಇರಲಿ, ತಿಳಿವಳಿಕೆ ಒಂದೇ.

ಕೊಪಣ: ಒಂದು ಗುಡ್ಡ, ಎರಡು ಬರಹ

ಕೊಗಳಿಯಿಂದ ಬಡಗಲಿಗೆ ಸಾಗಿ ತುಂಗಭದ್ರೆಯನ್ನು ದಾಟಿದರೆ ಕೊಪ್ಪಳ. ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಜೈನ ಶಾಸನಗಳಿಗೆ ಇದು ಕೊಪಣತೀರ್ಥ, ಮಹಾತೀರ್ಥ. 12ನೆಯ ಶತಮಾನದಲ್ಲಿ ಹೊಯ್ಸಳರ ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ ಭಂಡಾರಿಬಸದಿಯನ್ನು ಎತ್ತಿಸಿದವನು. ಅವನು ಕೊಪಣದ ಮುನಿಸಮುದಾಯಕ್ಕೂ ದತ್ತಿ ಬಿಟ್ಟನು. ಇಲ್ಲಿನ ಬಂಡೆಗಳಲ್ಲಿ ಹಲವು ನಿಸಿದಿ ಬರಹಗಳಿವೆ. ಸಲ್ಲೇಖನದಿಂದ ದೇಹವಿಟ್ಟವರ ಹೆಸರನ್ನು, ಮಾಡಿಸಿದವರ ಹೆಸರನ್ನು ಹೇಳಿ ಸುಮ್ಮನಾಗುವ ಬರಹಗಳು ಅವು.

ಕೊಪ್ಪಳದ ಎರಡು ಗುಡ್ಡಗಳಲ್ಲಿ ಅಶೋಕನ ಶಾಸನಗಳಿವೆ: ಒಂದು ಗವಿಮಠದಲ್ಲಿ, ಮತ್ತೊಂದು ಪಾಲ್ಕಿಗುಂಡಿನಲ್ಲಿ. ಇವು ವಿದ್ವಲ್ಲೋಕಕ್ಕೆ ತಿಳಿದದ್ದು 1931ರಲ್ಲಿ. ಕ್ರಿ.ಪೂ. 3ನೆಯ ಶತಮಾನದ ಬೌದ್ಧ ಚಕ್ರವರ್ತಿಯ ಮಾತನ್ನು ಹೊತ್ತ ಬಂಡೆ ಇಂದು ಗವಿಸಿದ್ಧೇಶ್ವರರ ಮಠದ ಗುಡ್ಡದಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷ ಅದನ್ನು ಓದಬಲ್ಲವರು ಇದ್ದರೋ ಇಲ್ಲವೋ, ಆ ಗುಡ್ಡಕ್ಕೆ ಹೋಗಿಬರುವವರಂತೂ ಇದ್ದರು.

ನನಗೆ ಬೇಕಾಗಿದ್ದುದು ಪಾಲ್ಕಿಗುಂಡು. ಬಂಡೆಗಳ ಮೇಲೆ ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಮತ್ತೊಂದು ಬಂಡೆ ಕುಳಿತಿರುವುದರಿಂದ ಈ ಹೆಸರು. ಅಲ್ಲಿ ಅಶೋಕನ ಬರಹಕ್ಕೆ ಹೆಚ್ಚು ದೂರವಿಲ್ಲದ ಎಡೆಯಲ್ಲಿ ಬಂಡೆಯ ಮೇಲೆ ಒಂದು ಜೊತೆ ಪಾದಗಳನ್ನು ಕೊರೆಯಲಾಗಿದೆ. ಕೆಳಗೆ ಹಳಗನ್ನಡದ ಎರಡು ಸಾಲು. ಜಟಾಸಿಂಹನಂದಿ ಆಚಾರ್ಯರ ಪಾದವನ್ನು ಚಾವಯ್ಯನು ಮಾಡಿಸಿದನೆಂಬುದು ಅದರ ತಾತ್ಪರ್ಯ. ಜಟಾಸಿಂಹನಂದಿ ಎಂದರೆ ಸಂಸ್ಕೃತದಲ್ಲಿ ವರಾಂಗಚರಿತವನ್ನು ಬರೆದ ಕವಿ. ಜಿನಸೇನಾಚಾರ್ಯರ ಆದಿಪುರಾಣ ಆತನನ್ನು ನೆನೆಯುತ್ತದೆ. ಆದರೂ ಕಾವ್ಯ ಬಹುಕಾಲ ಮರೆಗೆ ಸರಿದಿತ್ತು, ಡಾ. ಆ.ನೇ. ಉಪಾಧ್ಯೆಯವರು ಸಂಪಾದಿಸಿ 1938ರಲ್ಲಿ ಬೆಳಕಿಗೆ ತಂದರು. ಕಾವ್ಯ ಮರೆಯಲ್ಲಿದ್ದ ಕಾಲದಲ್ಲಿಯೂ ಕವಿಯ ಪಾದ ಮಾತ್ರ ಬಿಸಿಲುಮಳೆಗಳಿಗೆ ಮೈಯೊಡ್ಡಿ ಬಂಡೆಯ ಮೇಲಿತ್ತು.

ಪಾದವನ್ನು ಕೊರೆಯುವ ಈ ಸಂಪ್ರದಾಯವನ್ನು ಕುರಿತು ಎರಡು ಮಾತು ಹೇಳಬೇಕು. ಮೂರ್ತಿ ಇರುವಿಕೆಯನ್ನು ಹೇಳುತ್ತದೆ, ಪಾದ ಹೋಗಿರುವುದನ್ನು ಹೇಳುತ್ತದೆ. ಇಲ್ಲಿ ಒಬ್ಬರು ನಿಂತಿದ್ದರು, ಈಗ ಇಲ್ಲ ಎಂಬಷ್ಟೇ ಅದರ ನುಡಿ. ಚಾವಯ್ಯನ ವಿಷಯದಲ್ಲಿ ಆ ಹೆಸರಿನಾಚೆಗೆ ಆ ಬರಹ ಏನನ್ನೂ ಹೇಳುವುದಿಲ್ಲ. ಆತ ಚಕ್ರವರ್ತಿಯ ಬರಹವಿದ್ದ ಬಂಡೆಗುಡ್ಡವನ್ನೇ ಆರಿಸಿಕೊಂಡ, ಆದರೆ ಆ ಬರಹವನ್ನು ಅಳಿಸಲಿಲ್ಲ, ಅದರ ಮೇಲೆ ತನ್ನದನ್ನು ಕೊರೆಯಲಿಲ್ಲ. ಪಕ್ಕಕ್ಕೆ ಸರಿದು ತನಗೆ ಬೇಕಾದಷ್ಟು ಜಾಗವನ್ನು ಮಾತ್ರ ತೆಗೆದುಕೊಂಡ.

ಕುಪ್ಪಗಲ್ಲು: ಹೆಸರಿಲ್ಲದವರ ಗುಡ್ಡ

ಬಳ್ಳಾರಿಯ ಸಮೀಪದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳು ನನ್ನ ಪಟ್ಟಿಯಲ್ಲಿರಲಿಲ್ಲ. ಜಿನನಾಗಲಿ ಬುದ್ಧನಾಗಲಿ ಹುಟ್ಟುವುದಕ್ಕೆ ಸಾವಿರ ವರ್ಷಗಳಿಗೂ ಮೊದಲಿನ ಬಂಡೆಚಿತ್ರಗಳು ಅಲ್ಲಿವೆ. ಬಂಡೆಬರಹಗಳನ್ನು ಕಾಣಲು ಹೊರಟವರು ಬಳ್ಳಾರಿಯನ್ನು ದಾಟಿಹೋಗುವಾಗ ಇದನ್ನು ಬಿಡುವುದು ಸರಿಯಲ್ಲವೆಂದು ಗಾಡಿಯನ್ನು ಅತ್ತ ತಿರುಗಿಸಿದೆವು.

ಕಣಶಿಲೆಯ ಗುಡ್ಡದ ಮೈಮೇಲೆ ಕರಿಯ ಡಾಲರೈಟ್ ಶಿಲೆಯ ಒಂದು ಏಣು ಹಾದುಹೋಗಿದೆ. ಆ ಕರಿಬಂಡೆಗಳ ಹೊರಮೈಯನ್ನು ಕಲ್ಲಿನಿಂದ ಕುಟ್ಟಿಕುಟ್ಟಿ ಒಳಗಿನ ತಿಳಿಬಣ್ಣ ಹೊರಬರುವಂತೆ ಮಾಡಿ ನವಶಿಲಾಯುಗದ ಜನ ಚಿತ್ರ ಬಿಡಿಸಿದರು. ಹೆಚ್ಚಿನವು ಹಿಣಿಲುಳ್ಳ ಎತ್ತುಗಳು, ಉದ್ದಕೊಂಬಿನ ದನಗಳು, ನಡುವೆ ಮನುಷ್ಯರು. ದಕ್ಷಿಣದ ನವಶಿಲಾಯುಗವನ್ನು ಸ್ಥೂಲವಾಗಿ ಕ್ರಿ.ಪೂ. 3000ದಿಂದ 1200ರವರೆಗೆ ಎಣಿಸುತ್ತಾರೆ. ಇದೇ ಸೀಮೆಯ ಕುಡತಿನಿಯ ಬೂದಿದಿಬ್ಬವೂ ಆ ದನಗಾಹಿಗಳ ಬಾಳಿನ ಗುರುತೇ. ಸಗಣಿಯನ್ನು ರಾಶಿಹಾಕಿ ಸುಟ್ಟುದರಿಂದ ಆದ ದಿಬ್ಬವದು. ಕುಪ್ಪಗಲ್ಲಿನ ಚಿತ್ರಗಳ ವಿಷಯವನ್ನು ಎಫ್. ಫಾಸೆಟ್ 1892ರಲ್ಲಿ ಪ್ರಕಟಿಸಿದರು. ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರು 1948ರ ಸುಮಾರಿಗೆ ಉತ್ಖನನ ನಡೆಸಿದರು. ನಿಕೋಲ್ ಬೋವಿನ್ ಅವರ ಲೇಖನ 2004ರಲ್ಲಿ ಆಂಟಿಕ್ವಿಟಿ ಪತ್ರಿಕೆಯಲ್ಲಿ ಬಂದ ಮೇಲೆ ಈ ಗುಡ್ಡದ ಇನ್ನೊಂದು ವಿಶೇಷ ಲೋಕಕ್ಕೆ ತಿಳಿಯಿತು: ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ, ಬಡಿದು ಬಡಿದು ಆದ ಗುಳಿಗಳೂ ಅವುಗಳ ಮೇಲಿವೆ. ಚಿತ್ರ ಬಿಡಿಸುವುದೂ ನಾದ ಹೊಮ್ಮಿಸುವುದೂ ಅವರಿಗೆ ಒಂದೇ ವಿಧಿಯ ಎರಡು ಅಂಗಗಳಾಗಿದ್ದಿರಬಹುದೆಂದು ಆ ಲೇಖನ ಊಹಿಸುತ್ತದೆ.

ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಜೊತೆಗೂಡಿ ಮೇಲೆ ಬಂದರು. ಒಂದು ಬಂಡೆಯ ಬಳಿ ನಿಂತು, ನೆಲದಿಂದ ಹಿಡಿಗಲ್ಲೊಂದನ್ನು ಆರಿಸಿ ನನ್ನ ಕೈಗಿತ್ತು, “ಇಲ್ಲಿ ಬಡೀರಿ ಯಜಮಾನ್ರೆ, ಮೆಲ್ಲಗ” ಎಂದರು. ಹಳೆಯ ಗುಳಿಗಳನ್ನು ಇನ್ನಷ್ಟು ಸವೆಸಲು ಮನಸ್ಸು ಬಾರದೆ ನಾನು ಕಲ್ಲನ್ನು ಹಿಂದಿರುಗಿಸಿದೆ. ಅವರು ನಕ್ಕು ತಾವೇ ಒಮ್ಮೆ ಬೆರಳ ಗೆಣ್ಣಿನಿಂದ ತಟ್ಟಿದರು. ನಾದವೇನೂ ಬರಲಿಲ್ಲ. ಆಮೇಲೆ ಅವರು ಗುಡ್ಡದ ಇನ್ನೊಂದು ಮಗ್ಗುಲನ್ನು ತೋರಿಸಿದರು. ಅಲ್ಲಿ ಗುಡ್ಡವೇ ಇರಲಿಲ್ಲ; ಕಲ್ಲುಗಣಿಯ ಹಳ್ಳವಿತ್ತು.

ಈ ಸುತ್ತಿನಲ್ಲಿ ಕಂಡ ನೆಲೆಗಳ ಪೈಕಿ ಅತಿ ಪ್ರಾಚೀನವಾದದ್ದು ಇದು. ಅತ್ಯಂತ ಅಪಾಯದಲ್ಲಿರುವುದೂ ಇದೇ. ಕಣಶಿಲೆಗೆ ಬೆಲೆಯಿದೆ, ರಸ್ತೆಗೂ ಮನೆಗೂ ಕಲ್ಲು ಬೇಕು. ಚಿತ್ರಗಳಿರುವ ಬಂಡೆಗಳ ಒಂದಷ್ಟು ಭಾಗ ಈಗಾಗಲೇ ಗಣಿಗೆ ಬಲಿಯಾಗಿದೆ. ಈ ಚಿತ್ರಗಳಿಗೆ ಪೂಜೆಯಿಲ್ಲ, ಜಾತ್ರೆಯಿಲ್ಲ, ಇದು ನಮ್ಮದೆಂದು ಅಡ್ಡ ನಿಲ್ಲುವ ಮತವಾಗಲಿ ಮನೆತನವಾಗಲಿ ಇಲ್ಲ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಸೀಮೆಯ ಪ್ರಾಗಿತಿಹಾಸವನ್ನು ಅಲ್ಲಿ ಚೆನ್ನಾಗಿ ತಿಳಿಯಬಹುದು. ಆದರೆ ಗುಡ್ಡವನ್ನು ಸಂಗ್ರಹಾಲಯದೊಳಗೆ ತಂದಿಡಲಾಗದು. ‘ಕಳೆದುಕೊಂಡ ನೆಲೆಗಳು’ ಎಂಬ ನನ್ನ ಶೀರ್ಷಿಕೆಯನ್ನು ಕುರಿತು ಮೊದಲ ಶಂಕೆ ಹುಟ್ಟಿದ್ದು ಆ ಹಳ್ಳದ ಅಂಚಿನಲ್ಲಿ. ನಿಜವಾಗಿ ಕಳೆದುಹೋಗುವುದೆಂದರೆ ಏನೆಂಬುದನ್ನು ಅಲ್ಲಿ ಕಣ್ಣಾರೆ ಕಂಡೆ.

ಕೊಂಡಕುಂದೆ: ರಸಸಿದ್ಧರೆಂಬ ಜಿನರು

ಬಳ್ಳಾರಿಯಿಂದ ಮೂಡಲಿಗೆ ಗುಂತಕಲ್ಲನ್ನು ಹಾದು ಅನಂತಪುರ ಜಿಲ್ಲೆಯ ಕೊನಕೊಂಡ್ಲಕ್ಕೆ ಹೋದೆವು. ಆಡಳಿತದ ಗಡಿ ಅಲ್ಲಿ ಬದಲಾಗುತ್ತದೆ, ಶಾಸನಗಳ ಭಾಷೆ ಬದಲಾಗುವುದಿಲ್ಲ. ಹಳೆಯ ಶಾಸನಗಳಲ್ಲಿ ಈ ಊರು ಕೊಂಡಕುಂದೆ. ಮೂಲಸಂಘದ ಗುರುಪರಂಪರೆಯನ್ನು ಹೇಳುವ ನೂರಾರು ಕನ್ನಡ ಶಾಸನಗಳಲ್ಲಿ ಕೊಂಡಕುಂದಾನ್ವಯ ಎಂಬ ಮಾತು ಬರುತ್ತದಷ್ಟೆ. ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯಗಳ ಕರ್ತೃವಾದ ಕುಂದಕುಂದಾಚಾರ್ಯರಿಗೆ ಆ ಹೆಸರು ಈ ಊರಿನಿಂದಲೇ ಬಂದಿತೆಂದು ಪರಂಪರೆ ನಂಬುತ್ತದೆ. ಡಾ. ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ತಮ್ಮ ಗ್ರಂಥದಲ್ಲಿ ಇಲ್ಲಿನ ಅವಶೇಷಗಳನ್ನು ವಿವರವಾಗಿ ಪರಿಶೀಲಿಸಿದ್ದಾರೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1081ರ ಇಲ್ಲಿನ ಶಾಸನ ಒಬ್ಬ ಹೆಣ್ಣುಮಗಳನ್ನು ನೆನೆಯುತ್ತದೆ. ನಾಳಿಕಬ್ಬೆ ಎಂಬಾಕೆ ತೀರಿಹೋದ ತನ್ನ ಗಂಡನ ನೆನಪಿಗಾಗಿ ಕೊಂಡಕುಂದೆಯ ತೀರ್ಥದಲ್ಲಿ ಚಟ್ಟಜಿನಾಲಯವನ್ನು ಕಟ್ಟಿಸಿದಳು. ಅದಕ್ಕೆ ದಾನ ಸಂದಿತು. ಆ ಕಾಲಕ್ಕಾಗಲೇ ಈ ಊರು ತೀರ್ಥವೆನಿಸಿತ್ತೆಂಬುದು ಇದರಿಂದ ಸ್ಪಷ್ಟ.

ಊರಿನ ಬಳಿಯ ಗುಡ್ಡದ ಹೆಸರು ರಸಸಿದ್ಧುಲಗುಟ್ಟ, ಎಂದರೆ ರಸಸಿದ್ಧರ ಗುಡ್ಡ. ಅಲ್ಲಿ ಮುಕ್ಕೊಡೆಯ ಕೆಳಗೆ ಕಾಯೋತ್ಸರ್ಗದಲ್ಲಿ ನಿಂತ ತೀರ್ಥಂಕರರಿದ್ದಾರೆ. ಜೈನಶಿಲ್ಪವನ್ನು ಬಲ್ಲವರಿಗೆ ಸಂದೇಹಕ್ಕೆ ಎಡೆಯೇ ಇಲ್ಲ. ಆದರೆ ಊರವರಿಗೆ ಇವರು ರಸಸಿದ್ಧರು: ಪಾದರಸವನ್ನು ಗೆದ್ದು, ಕೀಳುಲೋಹವನ್ನು ಹೊನ್ನಾಗಿಸಬಲ್ಲ, ಸಾವಿಲ್ಲದ ಸಿದ್ಧರು. ಎಲ್ಲವನ್ನೂ ತೊರೆದು ನಿಂತ ದಿಗಂಬರನನ್ನು ಚಿನ್ನ ಮಾಡುವವನೆಂದು ಭಾವಿಸುವುದಕ್ಕಿಂತ ದೊಡ್ಡ ತಪ್ಪೇನಿದೆ ಎಂದು ನಾನು ಹಿಂದೊಮ್ಮೆ ಬರೆದದ್ದುಂಟು. ಈ ಬಾರಿ ಗುಡ್ಡದ ಮೇಲೆ ಕುಳಿತಾಗ ಆ ವಾಕ್ಯ ನನಗೇ ಒರಟಾಗಿ ಕೇಳಿಸಿತು.

ಏಕೆಂದರೆ ಸಮಯಸಾರದಲ್ಲಿ ಕುಂದಕುಂದರೇ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ನಗರವನ್ನು ಎಷ್ಟು ಬಣ್ಣಿಸಿದರೂ ಅದು ಅರಸನ ವರ್ಣನೆಯಾಗುವುದಿಲ್ಲ. ಹಾಗೆಯೇ ದೇಹದ ಗುಣಗಳನ್ನು ಎಷ್ಟು ಹೊಗಳಿದರೂ ಅದು ಕೇವಲಿಯ ಸ್ತುತಿಯಾಗುವುದಿಲ್ಲ. ಈ ಮಾತನ್ನು ಬರೆದವರ ಹೆಸರಿನ ಊರಿನಲ್ಲಿ ನಿಂತು, ಕಲ್ಲಿನ ದೇಹಕ್ಕೆ ಯಾವ ಹೆಸರು ಸಲ್ಲಬೇಕೆಂದು ನಾನು ಜಗಳಕ್ಕೆ ನಿಂತಿದ್ದೆ. ಹೆಸರು ದೇಹಕ್ಕಿಂತಲೂ ಹೊರಗಿನದು. ಇತಿಹಾಸಕಾರನಾಗಿ ಈ ಬಿಂಬಗಳು ತೀರ್ಥಂಕರರವೆಂದು ಹೇಳುವುದು ನನ್ನ ಕರ್ತವ್ಯ, ಅದರಲ್ಲಿ ರಾಜಿಯಿಲ್ಲ. ಆದರೆ ರಸಸಿದ್ಧರೆಂದು ಕೈಮುಗಿದವರು ಕಸಿದುಕೊಂಡವರೆಂದು ಹೇಳಲು ನನಗೆ ಆಧಾರವಿಲ್ಲ. ಅವರು ಕೈಮುಗಿಯದಿದ್ದರೆ ಕುಪ್ಪಗಲ್ಲಿನ ಹಳ್ಳದಂಥದೊಂದು ಇಲ್ಲಿಯೂ ಬಾಯ್ದೆರೆದಿರುತ್ತಿತ್ತೇನೋ.

ಹಗರಿಯ ಮರಳು, ರಾಯದುರ್ಗದ ನಿಸಿದಿ

ಕೊನಕೊಂಡ್ಲದಿಂದ ರಾಯದುರ್ಗದ ಕಡೆಗೆ ಹೋಗುವ ಸೀಮೆಯಲ್ಲಿ ವೇದಾವತಿ ಹರಿಯುತ್ತಾಳೆ. ಈ ಭಾಗದಲ್ಲಿ ಆಕೆಯ ಹೆಸರು ಹಗರಿ. ಹರಿಯುತ್ತಾಳೆ ಎಂಬುದು ರೂಢಿಯ ಮಾತು. ವರ್ಷದ ಬಹುಭಾಗ ಅಲ್ಲಿರುವುದು ಮರಳು. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಪಡುವಣ ಗಾಳಿ ಬೀಸುವ ತಿಂಗಳುಗಳಲ್ಲಿ ಬತ್ತಿದ ಪಾತ್ರದ ಮರಳು ಎದ್ದು ಹೊಲಗಳ ಮೇಲೆ ಬಂದು ಕೂರುತ್ತದೆ. ಕಣೇಕಲ್ಲು, ಬೊಮ್ಮನಹಾಳು ಸೀಮೆಯಲ್ಲಿ ಅದು ದಿಬ್ಬಗಳಾಗಿ ನಿಂತಿದೆ. ರಾಜಸ್ಥಾನದ ಚಿತ್ರಗಳನ್ನು ಕಂಡವರು ಒಂದು ಗಳಿಗೆ ಬೆರಗಾಗುವಂಥ ನೋಟ. ದಕ್ಷಿಣದಲ್ಲಿ ಮರುಭೂಮಿಯೆಂಬ ಮಾತು ಸಲ್ಲುವ ಎಡೆ ಇದ್ದರೆ ಅದು ಇದೇ. ಇಲ್ಲಿನ ರೈತನಿಗೆ ಇದು ನೋಟವಲ್ಲ, ಬಿತ್ತಿದ ಸಾಲುಗಳ ಮೇಲೆ ಬಂದು ಬೀಳುವ ಹೊರೆ. ಆ ರಾತ್ರಿ ಮನೆಗಾಡಿಯ ಕಿಟಕಿಯ ಸಂದಿನಿಂದ ಬಂದ ಮರಳು ಹೊತ್ತಾರೆ ನೀರು ಸೋಸುವ ಬಟ್ಟೆಯ ಮೇಲೆಯೂ ತೆಳ್ಳಗೆ ಹರಡಿಕೊಂಡಿತ್ತು.

ರಾಯದುರ್ಗದ ಗುಡ್ಡದಲ್ಲಿಯೂ ರಸಸಿದ್ಧನ ಗವಿಗಳಿವೆ. ಹೆಸರು ಇಲ್ಲಿಯೂ ಸಿದ್ಧನದು. ಬಂಡೆಯ ಮೇಲಿನ ಶಿಲ್ಪಗಳು ಮಾತ್ರ ಜೈನ ಮುನಿಗಳವು, ಅವರ ಶಿಷ್ಯರವು, ಜಿನರವು. ವಿಜಯನಗರದ ಒಂದನೆಯ ಹರಿಹರನ ಕಾಲದಲ್ಲಿ, ಕ್ರಿ.ಶ. 1355ರಲ್ಲಿ, ಭೋಗರಾಜನೆಂಬ ವ್ಯಾಪಾರಿ ರಾಯದುರ್ಗದಲ್ಲಿ ಶಾಂತಿನಾಥನ ಪ್ರತಿಷ್ಠೆ ಮಾಡಿಸಿದ. ಆತನ ಗುರು ಮಾಘನಂದಿ. ಪರಂಪರೆ ಮೂಲಸಂಘದ ಕೊಂಡಕುಂದಾನ್ವಯದ್ದು. ನಾವು ಹಿಂದಿನ ದಿನ ಬಿಟ್ಟುಬಂದ ಹಳ್ಳಿಯ ಹೆಸರು ಇಲ್ಲಿ ಗುರುಪರಂಪರೆಯ ಹೆಸರಾಗಿ ಎದುರಾಗುತ್ತದೆ.

ಇದೇ ರಾಯದುರ್ಗದ ಇನ್ನೊಂದು ಶಾಸನ ಚಿಕ್ಕದು, ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಹೊತ್ತು ನಿಂತದ್ದು. ಪೀಠವೊಂದರ ಮೇಲೆ ನಿಸಿದಿಗಳ ಹೆಸರುಗಳನ್ನು ಕೊರೆದಿದ್ದಾರೆ. ಅದರಲ್ಲಿ ಮೂಲಸಂಘದವರೂ ಇದ್ದಾರೆ, ಯಾಪನೀಯ ಸಂಘದವರೂ ಇದ್ದಾರೆ. ಯಾಪನೀಯರು ದಿಗಂಬರರಂತೆ ನಗ್ನರಾಗಿದ್ದು, ಸ್ತ್ರೀಮುಕ್ತಿಯಂಥ ವಿಷಯಗಳಲ್ಲಿ ಶ್ವೇತಾಂಬರರ ಮತವನ್ನು ಒಪ್ಪಿದವರು. ಕರ್ನಾಟಕದಲ್ಲಿ ಶತಮಾನಗಳ ಕಾಲ ಬಲವಾಗಿದ್ದು ಮುಂದೆ ಹೇಳಹೆಸರಿಲ್ಲದೆ ಹೋದವರು. ಅವರ ಬಸದಿಗಳು, ಬಿಂಬಗಳು ಏನಾದವು? ದಿಗಂಬರ ಸಮುದಾಯದ ಕೈಗೆ ಬಂದವು. ನಾವೂ ಅವನ್ನು ನಮ್ಮವೆಂದೇ ಪೂಜಿಸುತ್ತಿದ್ದೇವೆ, ನಮ್ಮ ಹೆಸರಿನಲ್ಲಿಯೇ ಕರೆಯುತ್ತಿದ್ದೇವೆ. ಯಾಪನೀಯರ ಕಡೆಯವರೊಬ್ಬರು ಉಳಿದು ‘ಕಳೆದುಕೊಂಡ ನೆಲೆಗಳು’ ಎಂಬ ಪಟ್ಟಿ ಮಾಡಿದ್ದರೆ ಅದರಲ್ಲಿ ನಾವು ಯಾವ ಕಡೆ ಇರುತ್ತಿದ್ದೆವು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಕ್ಷರಗುಂಡು, ಬಳೆಗಾರಗುಂಡು

ರಾಯದುರ್ಗದಿಂದ ಮೊಳಕಾಲ್ಮೂರು ದೂರವಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರು ಕಡೆಯ ಅಶೋಕಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕುಪ್ಪಗಲ್ಲಿನ ಚಿತ್ರಗಳ ವರದಿ ಬಂದ ವರ್ಷವೂ ಅದೇ. ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ ಈ ಸಂದೇಶವನ್ನು ಮುಟ್ಟಿಸುತ್ತಾರೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು. ಇದು ಪುರಾತನವಾದ ಕ್ರಮ ಎಂಬುದು ಅದರ ಒಂದು ಭಾಗ. ಎರಡು ಸಾವಿರ ವರ್ಷಕ್ಕೂ ಹಳೆಯ ಬರಹ ತನ್ನ ಮಾತನ್ನು ‘ಪುರಾತನ’ವೆಂದು ಕರೆದುಕೊಳ್ಳುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿಯೂ ತನ್ನ ವೃತ್ತಿಯನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿಯೂ ಬರೆದಿಟ್ಟಿದ್ದಾನೆ.

ರೈಸ್ ಅವರು ಬರುವ ಮೊದಲು ಈ ಬಂಡೆಗಳಿಗೆ ಜನ ಇಟ್ಟುಕೊಂಡಿದ್ದ ಹೆಸರುಗಳನ್ನು ಗಮನಿಸಬೇಕು. ಬ್ರಹ್ಮಗಿರಿಯದು ಅಕ್ಷರಗುಂಡು. ಓದಲು ಬಾರದಿದ್ದರೂ ಅದು ಅಕ್ಷರವೆಂದು ಅವರಿಗೆ ತಿಳಿದಿತ್ತು. ಜಟಿಂಗರಾಮೇಶ್ವರದ್ದು ಬಳೆಗಾರಗುಂಡು. ಗುಡ್ಡದ ಮೇಲಿನ ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಗೂಟ ನೆಡಲು ತೋಡಿದ ಕುಳಿಗಳು ಅಶೋಕನ ಅಕ್ಷರಗಳ ನಡುವೆ ಬಿದ್ದವು. ಆ ಸೀಮೆಯ ಮೂರು ಶಾಸನಗಳಲ್ಲಿ ಹೆಚ್ಚು ಸವೆದಿರುವುದು ಇದೇ.

ಹೀಗಾಗಿ ಬಳಕೆಯೊಂದೇ ರಕ್ಷಣೆಯೆಂದು ಹೇಳಿ ಮುಗಿಸಲಾಗದು. ಬಳಕೆಯೂ ಸವೆಸುತ್ತದೆ. ಭಕ್ತಿಯಿಂದ ಬಳಿದ ಬಣ್ಣ, ಸುಣ್ಣ, ಸಿಮೆಂಟುಗಳ ಕೆಳಗೆ ಮುಚ್ಚಿಹೋದ ಶಾಸನಗಳನ್ನು ನಮ್ಮ ಬಸದಿಗಳಲ್ಲಿಯೂ ಕಾಣಬಹುದು. ಆದರೂ ಎರಡು ಬಗೆಯ ಹಾನಿಗಳಿಗೆ ಅಂತರವಿದೆ. ಬಳೆಗಾರನ ಗೂಟ ಕೆಲವು ಅಕ್ಷರಗಳನ್ನು ತಿಂದಿತು. ಉಳಿದ ಅಕ್ಷರಗಳನ್ನು ಓದಲು ಬಂಡೆ ಅಲ್ಲಿಯೇ ಇತ್ತು. ಗಣಿಯ ಮದ್ದು ಬಂಡೆಯನ್ನೇ ತಿನ್ನುತ್ತದೆ. ಸವೆದದ್ದನ್ನು ವಿದ್ವಾಂಸ ಊಹಿಸಿ ತುಂಬಬಲ್ಲ. ಇಲ್ಲದ್ದನ್ನು ಯಾರೂ ಓದಲಾರರು.

ಮರಳಿ ಉಜ್ಜಿನಿ

ಕೂಡ್ಲಿಗಿ, ಕೊಟ್ಟೂರುಗಳನ್ನು ಹಾದು ಐದನೆಯ ದಿನದ ಸಂಜೆ ಉಜ್ಜಿನಿಗೆ ಬಂದಾಗ ಹೊತ್ತಿಳಿಯಲು ಇನ್ನೂ ಸ್ವಲ್ಪ ಸಮಯವಿತ್ತು. ಊಟ ಮುಗಿಸಿ ಗುಡಿಯ ಕಡೆಗೆ ನಡೆದೆವು.

ಮರುಳಸಿದ್ಧ, ಗವಿಸಿದ್ಧ, ರಸಸಿದ್ಧ: ದಾರಿಯುದ್ದಕ್ಕೂ ಈ ಪದ ನಮ್ಮ ಜೊತೆಗೇ ಬಂದಿತ್ತು. ಪಂಚನಮಸ್ಕಾರದಲ್ಲಿ ಅರಹಂತರ ನಂತರ ನಾವು ನಮಿಸುವುದು ಸಿದ್ಧರನ್ನೇ. ಆದ್ದರಿಂದ ಸಿದ್ಧನೆಂಬ ಹೆಸರಿರುವ ಎಡೆಗಳೆಲ್ಲ ಮೂಲತಃ ಜೈನವೆಂದು ವಾದಿಸುವುದು ಸುಲಭ, ಹಾಗೆ ವಾದಿಸಿದವರೂ ಉಂಟು. ನಾನು ಆ ವಾದವನ್ನು ಒಪ್ಪುವುದಿಲ್ಲ. ನಾಥರಿಗೂ ರಸವಾದಿಗಳಿಗೂ ವೀರಶೈವರಿಗೂ ಸಿದ್ಧರಿದ್ದಾರೆ. ಒಬ್ಬೊಬ್ಬರ ಸಿದ್ಧಿಯ ಕಲ್ಪನೆಯೂ ಬೇರೆ. ಶಿಲ್ಪಲಕ್ಷಣ ಅಥವಾ ಶಾಸನದ ಆಧಾರವಿಲ್ಲದೆ ಬರಿಯ ಹೆಸರಿನ ಬಲದ ಮೇಲೆ ನೆಲೆಗಳನ್ನು ನಮ್ಮದೆನ್ನುವುದು ಇತಿಹಾಸವಲ್ಲ, ಪರಿಗ್ರಹ. ಆದರೆ ಇಷ್ಟನ್ನು ಹೇಳಬಹುದು: ಈ ಬಯಲುನಾಡಿನ ಜನ ತಮಗಿಂತ ದೊಡ್ಡದೆನಿಸಿದ, ಆದರೆ ಹೆಸರು ತಿಳಿಯದ ಎಷ್ಟೋ ಮೂರ್ತಿಗಳನ್ನು ‘ಸಿದ್ಧ’ ಎಂಬ ಒಂದು ಪದದ ಮಡಿಲಿಗೆ ಹಾಕಿಕೊಂಡು ಕಾಪಾಡಿದರು. ಕೊಂಡಕುಂದೆಯಲ್ಲಿ, ರಾಯದುರ್ಗದಲ್ಲಿ ಆ ಮಡಿಲಿನಲ್ಲಿ ನಮ್ಮ ಜಿನರೂ ಉಳಿದರು.

ಮನೆಗೆ ಬಂದ ಮೇಲೆ ನನ್ನ ಪಟ್ಟಿಯನ್ನು ಮತ್ತೆ ತೆರೆದೆ. ‘ಕಳೆದುಕೊಂಡ ನೆಲೆಗಳು’ ಎಂಬುದನ್ನು ಹೊಡೆದು ‘ಉಳಿದ ನೆಲೆಗಳು’ ಎಂದು ಬರೆದೆ. ಸ್ಥಳ, ಕಾಲ, ಶಾಸನ, ಬಿಂಬಲಕ್ಷಣ ಎಂಬ ಹಳೆಯ ಅಂಕಣಗಳ ಪಕ್ಕದಲ್ಲಿ ಹೊಸದೊಂದು ಅಂಕಣ ಎಳೆದೆ: ಈಗ ಇದಕ್ಕೆ ನೀರೆರೆಯುವವರು ಯಾರು? ಬಹುತೇಕ ಸ್ಥಳಗಳ ಎದುರು ನಾಲ್ಕಾರು ಮಾತು ಬರೆಯಲು ಸಾಧ್ಯವಾಯಿತು: ಊರವರು, ಒಂದು ಮನೆತನ, ಒಂದು ಮಠ, ಜಾತ್ರೆಯ ದಿನ ಬರುವವರು. ಜಿನಬಿಂಬವಿಲ್ಲದಿದ್ದರೂ ಕುಪ್ಪಗಲ್ಲನ್ನು ಪಟ್ಟಿಗೆ ಸೇರಿಸಿದ್ದೇನೆ. ಅದರ ಎದುರಿನ ಮನೆ ಇನ್ನೂ ಖಾಲಿಯಿದೆ.